ಐದೇ ದಿನಗಳಲ್ಲಿ 13.4ರಿಂದ 7.9ಕ್ಕೆ

ಈ ಎರಡು ಚೀಟಿಗಳನ್ನು ನೋಡಿ. ಎರಡೂ ನನ್ನ ತಮ್ಮನ ರಕ್ತಪರೀಕ್ಷೆಯ ವರದಿಗಳು. ಸೋಮವಾರದ ಚೀಟಿಯಲ್ಲಿ ಹಿಮೋಗ್ಲೋಬಿನ್ 13.4. ಅದೇ ವಾರದ ಶನಿವಾರ 7.9.

ನಾವಿಬ್ಬರೂ ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಇಲ್ಲಿನ ಮಳೆಗಾಲಕ್ಕೆ ಮಲೇರಿಯಾ ಹೊಸದಲ್ಲ. ಅವನಿಗೆ ಬಂದದ್ದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಕ್ಲೋರೋಕ್ವಿನ್ ಕೊಟ್ಟರು, ಜ್ವರ ಬಿಟ್ಟಿತು. ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಎದ್ದು ಬರುವ ರೋಗಾಣುವಿಗೆಂದು ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ಮಾತ್ರೆಯನ್ನೂ ಬರೆದರು. ನಾಲ್ಕನೆಯ ಮಾತ್ರೆ ನುಂಗಿದ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗಿದ: "ಅಕ್ಕಾ, ಸ್ವಲ್ಪ ಬಾ."

ಮೂತ್ರ ಹಾಲು ಬೆರೆಸದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಅವನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದೆ. ಒಳಗೆ ಕೆಂಪೇ ಇಲ್ಲ, ಬಿಳಿಚಿಕೊಂಡಿತ್ತು. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು.

ಊರಿನಿಂದ ಅಮ್ಮ ಫೋನಿನಲ್ಲಿ, "ಬೀಟ್‌ರೂಟ್, ದಾಳಿಂಬೆ ತಿನ್ನಿಸು" ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು. ಆಸ್ಪತ್ರೆಯ ವೈದ್ಯೆ ಚೀಟಿಯ ಹಿಂದೆಯೇ ಲೆಕ್ಕ ಬರೆದು ತೋರಿಸಿದರು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮೂಳೆಮಜ್ಜೆ ಒಂದೂ ಹೊಸ ಕಣ ಮಾಡದೆ ನಿಂತುಬಿಟ್ಟರೂ ದಿನಕ್ಕೆ ಕಡಿಮೆಯಾಗುವುದು ನೂರಕ್ಕೆ ಒಂದರಷ್ಟು, ಅಂದರೆ ಐದು ದಿನಕ್ಕೆ ಐದು. ತಮ್ಮ ಕಳೆದುಕೊಂಡದ್ದು ನೂರಕ್ಕೆ ನಲವತ್ತು! ಇಷ್ಟು ವೇಗ ಊಟದ ಕೊರತೆಯಿಂದ ಬರುವುದಿಲ್ಲ. ಎಲ್ಲೋ ರಕ್ತ ಸೋರುತ್ತಿರಬೇಕು, ಇಲ್ಲವೇ ಕಣಗಳು ಒಡೆಯುತ್ತಿರಬೇಕು.

ರಕ್ತಸ್ರಾವ ಎಲ್ಲಿಯೂ ಇರಲಿಲ್ಲ. ಕೆಂಪು ಕಣ ಒಡೆದಾಗ ರಕ್ತದಲ್ಲಿ ಹೆಚ್ಚುವ ಬಿಲಿರುಬಿನ್, ಎಲ್‌ಡಿಎಚ್ ಎರಡೂ ಏರಿದ್ದವು. ಕಣಗಳು ಒಡೆಯುತ್ತಿದ್ದವು. ಮಾತ್ರೆ ನಿಲ್ಲಿಸಿದರು, ಡ್ರಿಪ್ ಹಾಕಿದರು, ಮೂತ್ರಪಿಂಡದ ಮೇಲೆ ಕಣ್ಣಿಟ್ಟರು.

ಕೆಂಪು ಕಣವನ್ನು ಕಾಯುವ ಒಂದು ಕಿಣ್ವವಿದೆ, ಜಿ6ಪಿಡಿ. ಅದು ಕಡಿಮೆಯಿದ್ದವರಿಗೆ ಪ್ರೈಮಾಕ್ವಿನ್ ಹೀಗೆ ಮಾಡುತ್ತದೆ ಎಂದು 1956ರಲ್ಲಿಯೇ ಗೊತ್ತಾಗಿದೆ. ಮಾತ್ರೆ ಬರೆಯುವ ಮೊದಲು ಯಾರೂ ಈ ಪರೀಕ್ಷೆ ಮಾಡಿಸಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಲ್ಲಿ ಮಾಡಿಸಿದಾಗ ವರದಿ 'ಸಹಜ' ಎಂದೇ ಬಂತು. ವೈದ್ಯೆ ಅದನ್ನು ನಂಬಲಿಲ್ಲ. ವಯಸ್ಸಾದ ಕಣಗಳಲ್ಲಿ ಕಿಣ್ವ ಬತ್ತಿರುತ್ತದೆ, ಮೊದಲು ಒಡೆಯುವುದು ಅವೇ. ಉಳಿದ ಎಳೆಯ ಕಣಗಳಲ್ಲಿ ಸಾಕಷ್ಟು ಇರುವುದರಿಂದ ಪರೀಕ್ಷೆಗೆ ಕೊರತೆ ಕಾಣಿಸುವುದಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು. ಕೊರತೆ ಇತ್ತು.

ಗಂಡುಮಕ್ಕಳಿಗೆ ಇದು ತಾಯಿಯಿಂದ ಬರುತ್ತದೆ ಎಂದು ತಿಳಿದಾಗ ಅಮ್ಮ ಅತ್ತುಬಿಟ್ಟಳು. "ಕೊಟ್ಟದ್ದು ನಿನಗೇ ಗೊತ್ತಿರಲಿಲ್ಲವಲ್ಲ, ಅಮ್ಮ" ಎಂದೆ. ನನ್ನಲ್ಲಿಯೂ ಇರಬಹುದು, ನಾನೂ ಪರೀಕ್ಷೆ ಮಾಡಿಸುತ್ತಿದ್ದೇನೆ.

ಈಗ ಹಿಮೋಗ್ಲೋಬಿನ್ 13.1. ತಮ್ಮನ ಪರ್ಸಿನಲ್ಲಿ ಈ ಕಾರ್ಡ್ ಇದೆ: 'ಜಿ6ಪಿಡಿ ಕೊರತೆ. ಪ್ರೈಮಾಕ್ವಿನ್, ಡ್ಯಾಪ್ಸೋನ್ ಕೊಡಬೇಡಿ.' ನುಸಿಗುಳಿಗೆಯಲ್ಲಿನ ನ್ಯಾಫ್ತಲೀನ್ ಕೂಡ ಇಂಥವರಿಗೆ ಆಗಿಬರುವುದಿಲ್ಲ ಎಂದು ಹೇಳಿದ ದಿನವೇ ಅಮ್ಮ ಬಸ್ಸು ಹತ್ತಿ ಬಂದು, ಅವನ ಬೀರುವಿನ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹರವಿದಳು.