ಮಾರಿಷಸ್‌ನಲ್ಲಿ ಫೆಬ್ರವರಿ 1: ಲೆ ಮೋರ್ನ್ ಬೆಟ್ಟದ ಕೆಳಗೆ

ಎಲ್ಲರಿಗೂ ನಮಸ್ಕಾರ. ನೋಡ್ತಿದ್ದೀರಲ್ಲ, ಖಾಲಿ ಬಸ್ ಸ್ಟಾಪ್. ಇವತ್ತು ಮಾರಿಷಸ್‌ಗೆಲ್ಲ ರಜೆ. 1835ರ ಫೆಬ್ರವರಿ 1ರಂದು ಇಲ್ಲಿ ಗುಲಾಮಗಿರಿ ರದ್ದಾಯಿತು. ನಾನು ಲೆ ಮೋರ್ನ್‌ಗೆ ಹೊರಟಿದ್ದೇನೆ. ರಜೆ ಅಂತ ಬಸ್ಸೂ ಕಡಿಮೆ, ಆಗಲೇ ಮುಕ್ಕಾಲು ಗಂಟೆ ಆಯ್ತು.

ಬಸ್ ಬರುವಷ್ಟರಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನಿನ್ನೆ ರಾತ್ರಿ ಓದಿದಾಗಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಗುಲಾಮಗಿರಿ ನಿಂತಾಗ ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟಿತು. ಮಾರಿಷಸ್ ಸೇರಿ ತನ್ನ ವಸಾಹತುಗಳಿಗೆ ಒಟ್ಟು 2 ಕೋಟಿ ಪೌಂಡ್. ಯಾರಿಗೆ? ಮಾಲೀಕರಿಗೆ! ಮಾರಿಷಸ್ ಮಾಲೀಕರ ಪಾಲಿಗೇ 20 ಲಕ್ಷ ಪೌಂಡ್‌ಗಿಂತ ಜಾಸ್ತಿ ಬಂತು. ಇಲ್ಲಿದ್ದ ಸುಮಾರು 66 ಸಾವಿರ ಗುಲಾಮರಿಗೆ ಒಂದು ಕಾಸೂ ಇಲ್ಲ. ಕಬ್ಬಿನ ಗದ್ದೆಯಲ್ಲಿ ಬೆನ್ನು ಮುರಿದುಕೊಂಡವರು ಅವರು, ದುಡ್ಡು ಹೋಗಿದ್ದು ಬೇರೆಯವರ ಮನೆಗೆ. ಆ ಪರಿಹಾರಕ್ಕೆ ಮಾಡಿದ ಸಾಲವನ್ನು ಬ್ರಿಟನ್ ತೀರಿಸಿ ಮುಗಿಸಿದ್ದು 2015ರಲ್ಲಿ. ಮೊನ್ನೆ ಮೊನ್ನೆ, ಅಲ್ವಾ? ಬಿಡುಗಡೆಯೂ ಪೂರ್ತಿ ಬಿಡುಗಡೆಯಲ್ಲ. 1839ರವರೆಗೆ ‘ಅಪ್ರೆಂಟಿಸ್’ ಅನ್ನುವ ಹೆಸರಲ್ಲಿ ಅದೇ ಮಾಲೀಕರ ಹತ್ತಿರವೇ ದುಡಿಸಿದರು. ನನಗಂತೂ ಸಿಟ್ಟು ಇಳಿದಿಲ್ಲ... ಬಸ್ ಬಂತು, ಬಸ್ ಬಂತು!

ಇದೇ ಲೆ ಮೋರ್ನ್. 556 ಮೀಟರ್ ಎತ್ತರ, ಮೂರು ಕಡೆ ಸಮುದ್ರ. ಮಾಲೀಕರಿಂದ ತಪ್ಪಿಸಿಕೊಂಡವರು ಈ ಬಂಡೆಗಳ ಸಂದಿಯಲ್ಲಿ, ಗುಹೆಗಳಲ್ಲಿ ಬದುಕಿದ್ದರು. ಅವರನ್ನು ಮರೂನ್ ಎನ್ನುತ್ತಾರೆ. ಇಲ್ಲಿ ಒಂದು ಕಥೆ ಬಾಯಿಂದ ಬಾಯಿಗೆ ಬಂದಿದೆ. ‘ನಿಮಗೆ ಬಿಡುಗಡೆಯಾಗಿದೆ’ ಎಂದು ತಿಳಿಸಲು ಪೊಲೀಸರು ಬೆಟ್ಟ ಹತ್ತಿದರಂತೆ. ಹಿಡಿಯಲು ಬಂದರು ಎಂದುಕೊಂಡು ಮೇಲಿದ್ದವರು ಕೆಳಗೆ ಹಾರಿದರಂತೆ. ಸ್ವಲ್ಪ ಹೊತ್ತು ನಾನು ಮಾತಾಡುವುದಿಲ್ಲ, ಬೆಟ್ಟ ನೋಡಿ.

ಕಲ್ಲಿನ ಸ್ಮಾರಕದ ಹತ್ತಿರ ಹೂವಿಡುತ್ತಿದ್ದಾರೆ. ಭಾಷಣವೂ ಇತ್ತು, ಆದರೆ ಗಾಳಿಗೆ ಆಡಿಯೋ ಪೂರ್ತಿ ಹೋಗಿದೆ. ಅದಕ್ಕೇ ಮನೆಗೆ ಬಂದು ಈ ಧ್ವನಿ ಸೇರಿಸಿದ್ದೇನೆ.

ಈ ಕೈಯಲ್ಲಿರುವುದು ಧೋಲ್ ಪುರಿ. ಒಳಗೆ ಬೇಳೆ ಹೂರಣ, ಸಿಹಿ ಇಲ್ಲದ ಹೋಳಿಗೆ ಅಂದುಕೊಳ್ಳಿ. ಇದು ಬಂದಿದ್ದು ನಮ್ಮವರ ಜೊತೆ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ ಭಾರತದಿಂದ 36 ಕೂಲಿಗಳು ಬಂದಿಳಿದರು. ಗುಲಾಮರ ಬಿಡುಗಡೆಗೆ ಮೂರು ತಿಂಗಳು ಮೊದಲೇ! ಆ ದಿನಕ್ಕೂ ಇಲ್ಲಿ ರಜೆ ಇದೆ. ಎರಡು ರಜೆ ಯಾಕೆ, ಕಷ್ಟಪಟ್ಟವರೆಲ್ಲ ಒಂದೇ ಅಲ್ವಾ, ಎಂದು ನಿನ್ನೆಯವರೆಗೂ ವಾದ ಮಾಡುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೂಲಿಗಳ ಬದುಕೂ ನರಕವೇ, ಆದರೆ ಅವರಿಗೆ ಕರಾರಿತ್ತು, ಸಂಬಳದ ಮಾತಿತ್ತು. ಎಷ್ಟೋ ಜನರ ಹೆಸರು, ಊರು, ಫೋಟೋ ಕೂಡ ದಾಖಲೆಯಲ್ಲಿದೆ. ಮೊಮ್ಮಕ್ಕಳು ಬಂದು ಹುಡುಕಬಹುದು. ಮಡಗಾಸ್ಕರ್, ಮೊಜಾಂಬಿಕ್‌ನಿಂದ ಹಿಡಿದು ತಂದವರಿಗೆ ಮಾಲೀಕರು ಬೇರೆ ಹೆಸರಿಟ್ಟರು. ಅಮ್ಮ ಇಟ್ಟ ಹೆಸರು ಎಲ್ಲಿ ಹುಡುಕುವುದು? ಭಾರತದಿಂದಲೂ ಗುಲಾಮರನ್ನು ತಂದಿದ್ದರು, ಅದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಫೆಬ್ರವರಿ 1 ಅವರದೇ ದಿನವಾಗಿ ಇರಲಿ.

ಅಯ್ಯೋ, ಮಾತಲ್ಲಿ ಇದನ್ನು ಮರೆತೆ, ಬೇಗ ನೋಡಿ. ಆ ದೊಡ್ಡ ತಟ್ಟೆಯಂಥ ವಾದ್ಯ ರಾವಾನ್, ಮೇಕೆ ಚರ್ಮದ್ದು. ಗುಲಾಮರು ಕಟ್ಟಿದ ಸೆಗಾ ಹಾಡಿಗೆ ಇದೇ ತಾಳ. ಬೆಂಕಿಗೆ ಹಿಡಿದು ಕಾಯಿಸುತ್ತಿದ್ದಾರೆ, ಜಾತ್ರೆಯಲ್ಲಿ ನಮ್ಮ ತಮಟೆ ಕಾಯಿಸುವ ಹಾಗೇ. ಬೆರಳಲ್ಲಿ ತಟ್ಟಿ ನೋಡಿದರು, ಇನ್ನೂ ಬಿಗಿಯಾಗಿಲ್ಲ. ಮತ್ತೆ ಬೆಂಕಿಗೆ. ಈಗ ಸರಿಹೋಯಿತು, ಕೇಳಿ.