ತಲುಬಿಗೂ ಗಡಿಯಾರ ಗೊತ್ತು

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲೇ ಒಂದು ಮಾತು. ನಾನು ಇವತ್ತು ಎಷ್ಟು ಹೊತ್ತು ಮಾತಾಡುತ್ತೇನೆ ಅಂತ ಹೇಳುವುದಿಲ್ಲ. ಸಂಘಟಕರಿಗೂ ಹೇಳಬೇಡಿ ಅಂತ ಕೇಳಿಕೊಂಡಿದ್ದೇನೆ. ಗೋಡೆಯ ಮೇಲಿದ್ದ ಗಡಿಯಾರವನ್ನು ತೆಗೆಸಿದವನೂ ನಾನೇ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿ ಕೂತವರಲ್ಲಿ ಕೆಲವರು ಸಿಗರೇಟು ಬಿಟ್ಟು ಎರಡು ದಿನ ಆಗಿದೆ, ಕೆಲವರಿಗೆ ಒಂದು ವಾರ. ಇನ್ನು ಕೆಲವರು ‘ಸೋಮವಾರದಿಂದ’ ಅನ್ನುವವರು. ನಾನೂ ಅಂಥ ಸೋಮವಾರಗಳನ್ನು ಸಾಕಷ್ಟು ನೋಡಿದ್ದೇನೆ. ಹದಿನೆಂಟು ವರ್ಷ ಸೇದಿದೆ. ನಾಲ್ಕು ಸಲ ಬಿಟ್ಟು ಮತ್ತೆ ಹಿಡಿದೆ. ಐದನೆಯ ಸಲ ಬಿಟ್ಟದ್ದು ನಿಂತಿದೆ. ಹಾಗಾಗಿ ನಾನು ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸಲು ಬಂದಿಲ್ಲ. ಪ್ಯಾಕೆಟ್ಟಿನ ಮೇಲಿದ್ದ ಚಿತ್ರ ನೋಡಿಕೊಂಡೇ ಸೇದಿದವರು ನಾವು, ಅಲ್ವಾ? ನಮಗೆ ಬೇಕಾಗಿರುವ ಉತ್ತರ ಬೇರೆ. ಬಿಟ್ಟ ಮೂರನೆಯ ದಿನ, ಕೆಲಸ ಮುಗಿಸಿ ಹೊರಗೆ ಬಂದಾಗ, ‘ಈಗಲೇ ಸೇದಬೇಕು’ ಅಂತ ಎದೆಯಿಂದ ಗಂಟಲಿಗೆ ಏರಿ ಬರುತ್ತದಲ್ಲ ಆ ತಲುಬು, ಆಗ ಏನು ಮಾಡಬೇಕು?

ಮೊದಲು ಮೈಯೊಳಗೆ ಏನಾಗುತ್ತದೆ ನೋಡೋಣ. ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಅಲ್ಲಿ ಅದಕ್ಕೆ ಕೂರಲು ಜಾಗಗಳಿವೆ. ವೈದ್ಯರು ಅವನ್ನು ಗ್ರಾಹಕ ಅನ್ನುತ್ತಾರೆ, ನಾವು ಕುರ್ಚಿ ಅನ್ನೋಣ. ನಿಕೋಟಿನ್ ಬಂದು ಕುರ್ಚಿಯಲ್ಲಿ ಕೂತರೆ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆ ಆಗುತ್ತದೆ, ಹಾಯೆನಿಸುತ್ತದೆ. ದಿನಾ ಇಷ್ಟು ಅತಿಥಿಗಳು ಬರುತ್ತಿದ್ದರೆ ಮೆದುಳು ಸುಮ್ನೆ ಇರುತ್ತದೆಯೇ? ಇನ್ನಷ್ಟು ಕುರ್ಚಿ ಹಾಕುತ್ತದೆ. ಸೇದುವವರ ಮೆದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆ ಸೇದದವರಿಗಿಂತ ಹೆಚ್ಚಿರುವುದು ಸ್ಕ್ಯಾನ್‌ಗಳಲ್ಲೇ ಕಂಡಿದೆ. ಇತ್ತ ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಕುರ್ಚಿಗಳು ಖಾಲಿಯಾಗುತ್ತವೆ. ಆಗ ಏಳುವ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಸಿಡುಕು, ಚಡಪಡಿಕೆ, ಓದಿದ ಸಾಲನ್ನೇ ಮತ್ತೆ ಓದುವುದು, ರಾತ್ರಿ ನಿದ್ದೆ ಬಾರದೆ ಹೊರಳುವುದು, ಸುಮ್ಮಸುಮ್ಮನೆ ಹಸಿವು. ಮಲಬದ್ಧತೆ, ಬಾಯಿಹುಣ್ಣು ಕೂಡ ಬರಬಹುದು. ಇವನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ಬಾಯಿಹುಣ್ಣು ಬಂದಾಗ ‘ಸಿಗರೇಟು ಬಿಟ್ಟಿದ್ದೇ ತಪ್ಪಾಯ್ತು’ ಅಂತ ಅನಿಸಿಬಿಡುತ್ತದೆ.

ಈ ಗಲಾಟೆ ಸಾಮಾನ್ಯವಾಗಿ ಎರಡನೆಯ ಮೂರನೆಯ ದಿನ ಜೋರಾಗಿರುತ್ತದೆ. ಆಮೇಲೆ 2ರಿಂದ 4 ವಾರದಲ್ಲಿ ಇಳಿಯುತ್ತಾ ಬರುತ್ತದೆ. ಹೆಚ್ಚಿಗೆ ಹಾಕಿದ್ದ ಕುರ್ಚಿಗಳನ್ನು ಮೆದುಳು ಒಂದೊಂದಾಗಿ ಎತ್ತಿಡುತ್ತದೆ. ಅದಕ್ಕೆ 6ರಿಂದ 12 ವಾರ ಬೇಕು. ಅಂದರೆ ಈಗ ಮೂರನೆಯ ದಿನದಲ್ಲಿರುವವರೇ, ನಿಮಗೆ ಅನಿಸುತ್ತಿರುವುದು ನಿಜ. ಕಷ್ಟ ಇರುವುದು ಇಲ್ಲೇ.

ಆದರೆ ಇಷ್ಟೇ ಆಗಿದ್ದರೆ ನಾನು ಗಡಿಯಾರ ತೆಗೆಸುತ್ತಿರಲಿಲ್ಲ.

ಇಸ್ರೇಲಿನ ಮನಃಶಾಸ್ತ್ರಜ್ಞ ರೂವೆನ್ ಡಾರ್ ಮತ್ತು ಅವರ ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿಗರೇಟು ಸೇದುವ ವಿಮಾನ ಸಿಬ್ಬಂದಿಯ ಮೇಲೆ ಮಾಡಿದ ಅಧ್ಯಯನ. ವಿಮಾನದೊಳಗೆ ಸೇದುವ ಹಾಗಿಲ್ಲ. ಅದೇ ಜನ ಒಮ್ಮೆ 3ರಿಂದ 5.5 ಗಂಟೆಯ ಸಣ್ಣ ಹಾರಾಟದಲ್ಲಿ ಹೋದರು, ಇನ್ನೊಮ್ಮೆ 8ರಿಂದ 13 ಗಂಟೆಯ ಉದ್ದ ಹಾರಾಟದಲ್ಲಿ. ದಾರಿಯಲ್ಲಿ ಆಗಾಗ, ತಲುಬು ಈಗ ಎಷ್ಟಿದೆ ಅಂತ ಅವರಿಂದ ಬರೆಸಿಕೊಂಡರು. ನಿಕೋಟಿನ್ ಇಳಿದದ್ದೊಂದೇ ಕಾರಣವಾಗಿದ್ದರೆ, ಸೇದದೆ ಅಷ್ಟೇ ಹೊತ್ತು ಕಳೆದಾಗ ಎರಡೂ ಕಡೆ ತಲುಬು ಒಂದೇ ಆಗಿರಬೇಕಿತ್ತು. ಹಾಗೆ ಆಗಲಿಲ್ಲ. ಸಣ್ಣ ಹಾರಾಟ ಮುಗಿಯುವ ಹೊತ್ತಿಗೆ ತಲುಬು ಜೋರಾಗಿತ್ತು. ಉದ್ದ ಹಾರಾಟದಲ್ಲಿ ಅಷ್ಟೇ ಗಂಟೆ ಕಳೆದಿದ್ದರೂ ತಲುಬು ಅದಕ್ಕಿಂತ ಕಡಿಮೆ ಇತ್ತು. ಇಳಿಯುವ ಸಮಯ ಹತ್ತಿರ ಬಂದಾಗ ಮಾತ್ರ ಅಲ್ಲೂ ಏರಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನನ್ನದೇ ಕಥೆ ಇದು. ಮೂರು ಗಂಟೆಯ ಸಭೆಯಲ್ಲಿ ತೆಪ್ಪಗೆ ಕೂತಿರುತ್ತಿದ್ದೆ. ‘ಇನ್ನು ಕೊನೆಯದಾಗಿ’ ಅಂತ ಅಧ್ಯಕ್ಷರು ಹೇಳಿದರೆ ಸಾಕು, ಕೈ ಜೇಬಿಗೆ ಹೋಗುತ್ತಿತ್ತು. ಆ ಒಂದು ಮಾತಿಗೆ ನನ್ನ ರಕ್ತದ ನಿಕೋಟಿನ್ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ‘ಇನ್ನೇನು ಸಿಗುತ್ತೆ’ ಅನ್ನುವ ನಿರೀಕ್ಷೆ.

ನಾನು ಇವತ್ತು ಹೇಳಲು ಬಂದಿರುವುದು ಮುಖ್ಯವಾಗಿ ಇದೊಂದೇ. ತಲುಬು ‘ಈಗ ಸಿಗುತ್ತಾ?’ ಅಂತ ಕೇಳುತ್ತಿರುತ್ತದೆ. ನೀವು ‘ನೋಡೋಣ’ ಅಂದರೆ ಅದು ಬಾಗಿಲಲ್ಲೇ ಕೂರುತ್ತದೆ. ‘ಇಲ್ಲ’ ಅಂದರೆ ಒಂದಿಷ್ಟು ಗೊಣಗಿ ಎದ್ದು ಹೋಗುತ್ತದೆ, ಆಮೇಲೆ ಮತ್ತೆ ಬರುತ್ತದೆ, ಅದು ಬೇರೆ ಮಾತು.

ನನ್ನ ಮೂರನೆಯ ಪ್ರಯತ್ನ ಕೆಟ್ಟಿದ್ದು ಹೀಗೆ. ‘ತುರ್ತಿಗೆ ಇರಲಿ’ ಅಂತ ಒಂದೇ ಒಂದು ಸಿಗರೇಟನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ಅದು ಇದೆ ಅನ್ನುವ ಧೈರ್ಯವೇ ನನ್ನನ್ನು ಕಾಪಾಡುತ್ತದೆ ಅಂತ ನನ್ನ ತರ್ಕ. ಹನ್ನೊಂದು ದಿನ ನಾನು ಸಿಗರೇಟು ಬಿಟ್ಟಿರಲಿಲ್ಲ, ಆ ಖಾನೆಯನ್ನು ಕಾಯುತ್ತಿದ್ದೆ. ಹನ್ನೆರಡನೆಯ ದಿನ ತುರ್ತು ಬಂತು. ಏನು ತುರ್ತು ಅಂತೀರಾ? ಪ್ರಿಂಟರ್ ಕೆಟ್ಟಿತ್ತು.

ಹಾಗಾಗಿ ಮನೆ, ಚೀಲ, ಗಾಡಿ, ಹಳೆ ಕೋಟಿನ ಜೇಬು, ಎಲ್ಲ ಖಾಲಿ ಮಾಡಿ. ಲೈಟರನ್ನೂ ಬಿಸಾಕಿ. ಸ್ನೇಹಿತರಿಗೆ ‘ಕೇಳಿದರೂ ಕೊಡಬೇಡಿ’ ಅಂತ ಮೊದಲೇ ಹೇಳಿಡಿ. ಇದು ದೊಡ್ಡ ಸಾಧನೆ ಏನಲ್ಲ. ಆದರೆ ಸಿಗರೇಟು ಕೈಗೆ ಸಿಗಲು ಇಪ್ಪತ್ತು ನಿಮಿಷ ಬೇಕು ಅಂತಾದರೆ ತಲುಬಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಒಂದೊಂದು ಸಲ ಅದು ಜೋರಾಗಿರುವುದು ಕೆಲವೇ ನಿಮಿಷ, ಹೆಚ್ಚಿನವರಿಗೆ 3ರಿಂದ 5 ನಿಮಿಷ.

‘ಒಮ್ಮೆಲೇ ಬೇಡ, ದಿನಕ್ಕೆ ಒಂದೊಂದು ಕಡಿಮೆ ಮಾಡುತ್ತೇನೆ’ ಅನ್ನುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ 697 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಗದಿ ಮಾಡಿದ ದಿನ ಒಮ್ಮೆಲೇ ಬಿಟ್ಟವರಲ್ಲಿ 49% ಜನ ನಾಲ್ಕು ವಾರದ ನಂತರವೂ ಸೇದದೆ ಇದ್ದರು. ಎರಡು ವಾರ ಸ್ವಲ್ಪಸ್ವಲ್ಪ ಕಡಿಮೆ ಮಾಡಿ ಬಿಟ್ಟವರಲ್ಲಿ 39%. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ದಿನಕ್ಕೆ ಆರು ಅಂತ ಲೆಕ್ಕ ಇಟ್ಟುಕೊಂಡವನು ಇಡೀ ದಿನ ಆ ಆರರದ್ದೇ ಧ್ಯಾನ ಮಾಡುತ್ತಾನೆ. ಆದರೂ ಕಡಿಮೆ ಮಾಡುತ್ತಾ ಬಂದು ಬಿಟ್ಟವರೂ ಇದ್ದಾರೆ. ನಿಮಗೆ ಅದೇ ಹೊಂದುವುದಾದರೆ ಜಗಳ ಇಲ್ಲ.

ಸರಿ, ಆ ಐದು ನಿಮಿಷ ಏನು ಮಾಡುವುದು? ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ ಒಂದು ದಾರಿ ತೋರಿಸಿದರು. ತಲುಬನ್ನು ಅಲೆ ಅಂತ ನೋಡಿ ಅಂದರು. ಅಲೆಗೆ ಎದೆಯೊಡ್ಡಿ ನಿಂತರೆ ಬೀಳಿಸುತ್ತದೆ. ಅದರ ಜೊತೆ ಏರಿ, ಜೊತೆಗೇ ಇಳಿಯಬೇಕು. ಕೇಳಲು ಕಾವ್ಯದ ಹಾಗಿದೆ, ಮಾಡುವುದು ಮಾತ್ರ ಬಹಳ ಸಾದಾ. ತಲುಬು ಬಂದಾಗ ಕೂತು, ಅದು ಮೈಯಲ್ಲಿ ಎಲ್ಲಿದೆ ಅಂತ ಹುಡುಕಿ. ನನಗೆ ಗಂಟಲಲ್ಲಿ, ಮತ್ತೆ ಬಲಗೈಯ ಎರಡು ಬೆರಳಿನಲ್ಲಿ ಇರುತ್ತಿತ್ತು. ಬಿಗಿಯಾಗಿದೆಯಾ, ಬಿಸಿಯಾಗಿದೆಯಾ, ಏರುತ್ತಿದೆಯಾ, ನಿಂತಿದೆಯಾ? ಓಡಿಸಲು ಹೋಗಬೇಡಿ. ಸುಮ್ನೆ ವರದಿಗಾರನ ಹಾಗೆ ನೋಡಿ. ಒಂದು ಹೊತ್ತಿನಲ್ಲಿ ಅದು ತುದಿ ಮುಟ್ಟಿ ಬಾಗುವುದು ನಿಮಗೇ ಗೊತ್ತಾಗುತ್ತದೆ. ಅದನ್ನು ಒಂದು ಸಲ ಕಣ್ಣಾರೆ ಕಂಡರೆ ಮುಂದಿನ ಸಲದ ಭಯ ಅರ್ಧ ಆಗುತ್ತದೆ. ಸೇದುವವರಾಗಿದ್ದಾಗ ನಾವು ಒಂದು ಅಲೆಯನ್ನೂ ಕೊನೆಯವರೆಗೆ ನೋಡಿರುವುದಿಲ್ಲ. ಏರುವಾಗಲೇ ಕಡ್ಡಿ ಗೀರಿರುತ್ತೇವೆ.

ಕೂರಲು ಆಗದವರು ನಡೆಯಿರಿ. ಬಿರುಸಾಗಿ, ಹತ್ತು ನಿಮಿಷ. ಇಂಥ ಚಿಕ್ಕ ನಡಿಗೆಯೂ ತಲುಬನ್ನು ಇಳಿಸುತ್ತದೆ ಅನ್ನುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ನೀರು ಕುಡಿಯಿರಿ, ಹಲ್ಲುಜ್ಜಿ, ಕೈಗೆ ಒಂದು ಕೆಲಸ ಕೊಡಿ. ದೀರ್ಘ ಉಸಿರಾಟ ಎಲ್ಲರೂ ಹೇಳುತ್ತಾರೆ, ಬಹಳ ಜನಕ್ಕೆ ಆಗುತ್ತದೆ. ನನಗೆ ಮೊದಲ ವಾರ ಆಗಲಿಲ್ಲ. ಉದ್ದಕ್ಕೆ ಉಸಿರು ಎಳೆದು ನಿಧಾನ ಬಿಡುವುದು ಅಂದರೆ ನನ್ನ ಮೈಗೆ ಅದು ಸಿಗರೇಟೇ ಆಗಿತ್ತು! ಆಮೇಲೆ ಸರಿಹೋಯಿತು.

ಇನ್ನು ನೆನಪಿನ ವಿಷಯ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಯ ಕಥೆ ಶಾಲೆಯಲ್ಲಿ ಓದಿದ್ದೇವೆ. ಗಂಟೆಯಂಥ ಊಟದ ಸೂಚನೆ ಸಿಕ್ಕರೆ ಸಾಕು, ಊಟ ಬರುವ ಮೊದಲೇ ಜೊಲ್ಲು. ದಿನಕ್ಕೆ ಇಪ್ಪತ್ತರ ಒಂದು ಪ್ಯಾಕೆಟ್ ಸೇದುವವನು ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಸಲ ಸಿಗರೇಟು ಹಚ್ಚುತ್ತಾನೆ. ಪ್ರತಿ ಸಲವೂ ಎದುರಿಗೆ ಏನೋ ಒಂದು ಇರುತ್ತದೆ. ಫೋನು, ಮೆಟ್ಟಿಲು, ಊಟ ಮುಗಿದ ತಟ್ಟೆ, ಒಬ್ಬ ಗೆಳೆಯ. ಇವೆಲ್ಲ ಈಗ ಗಂಟೆ ಬಾರಿಸುತ್ತವೆ. ಎಲ್ಲವನ್ನೂ ಬಿಡಲು ಆಗುವುದಿಲ್ಲ, ಕ್ರಮ ಬದಲಿಸಬಹುದು. ಊಟ ಆದ ಕೂಡಲೇ ಏಳಿ. ಫೋನಿನಲ್ಲಿ ಮಾತಾಡುವಾಗ ಇನ್ನೊಂದು ಕೈಯಲ್ಲಿ ಹಿಡಿಯಿರಿ. ಬೇರೆ ಬಾಗಿಲಿಂದ ಹೊರಗೆ ಹೋಗಿ. ಮದ್ಯವನ್ನು ಮಾತ್ರ ಕೆಲವು ವಾರ ಪೂರ್ತಿ ದೂರ ಇಡಿ ಅನ್ನುತ್ತೇನೆ. ಎರಡನೆಯ ಗ್ಲಾಸಿನ ಮೇಲೆ ‘ಇಲ್ಲ’ ಅನ್ನಲು ಬೇಕಾದವನು ಅಲ್ಲಿ ಇರುವುದೇ ಇಲ್ಲ.

ಕಾಫಿಯ ವಿಷಯ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ. ಕಾಫಿಯಲ್ಲಿರುವ ಕೆಫೀನನ್ನು ಕರಗಿಸುವುದೂ ಅದೇ ಕಿಣ್ವ. ಸಿಗರೇಟು ಬಿಟ್ಟ ಕೆಲವೇ ದಿನದಲ್ಲಿ ಆ ಚುರುಕು ಇಳಿಯುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ನಾವು ಅದನ್ನೂ ತಲುಬಿನ ಲೆಕ್ಕಕ್ಕೆ ಬರೆಯುತ್ತೇವೆ. ಬಿಟ್ಟ ವಾರದಲ್ಲಿ ಕಾಫಿ, ಟೀ ಅರ್ಧ ಮಾಡಿ ನೋಡಿ. ಕೆಲವು ಔಷಧಿಗಳೂ ಇದೇ ದಾರಿಯಲ್ಲಿ ಕರಗುತ್ತವೆ. ದಿನಾ ಮಾತ್ರೆ ತೆಗೆದುಕೊಳ್ಳುವವರು, ಸಿಗರೇಟು ಬಿಟ್ಟಿದ್ದೇನೆ ಅಂತ ವೈದ್ಯರಿಗೆ ತಿಳಿಸಿ.

ವೈದ್ಯರ ಮಾತು ಬಂತಲ್ಲ. ‘ಔಷಧಿ ಯಾಕೆ, ಮನಸ್ಸು ಗಟ್ಟಿ ಇದ್ದರೆ ಸಾಕು’ ಅನ್ನುವವರು ಇಲ್ಲೂ ಇದ್ದೀರಿ. ನಾಲ್ಕು ಸಲ ನಾನೂ ಅದನ್ನೇ ಹೇಳಿದೆ. ಅಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. 2021ರಲ್ಲಿ ವರೆನಿಕ್ಲಿನ್, ಬುಪ್ರೊಪಿಯಾನ್ ಅನ್ನುವ ಮಾತ್ರೆಗಳೂ ಸೇರಿದವು. ಈ ಎರಡನ್ನು ವೈದ್ಯರು ನೋಡಿಯೇ ಕೊಡಬೇಕು. ಪ್ಯಾಚ್ ಇಡೀ ದಿನ ಮಂದ ಉರಿಯ ಹಾಗೆ ನಿಕೋಟಿನ್ ಕೊಡುತ್ತದೆ, ತಲುಬು ಏರಿದಾಗ ಗಮ್. ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ.

ಗಮ್ ಉಪಯೋಗ ಇಲ್ಲ ಅಂದವರನ್ನು ‘ಹೇಗೆ ಅಗಿದಿರಿ?’ ಅಂತ ಕೇಳುತ್ತೇನೆ. ಎಲ್ಲರೂ ಬಬಲ್ ಗಮ್ ಹಾಗೆ ಕಚಕಚ ಅಗಿದಿರುತ್ತಾರೆ. ಆಗ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆಯುರಿ ಅಷ್ಟೇ ಲಾಭ. ನಿಧಾನ ಅಗಿಯಿರಿ, ನಾಲಿಗೆ ಚುರುಗುಟ್ಟಿದಾಗ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರುಕು ಹೋದ ಮೇಲೆ ಮತ್ತೆ ಸ್ವಲ್ಪ ಅಗಿದು ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೆ. ಅದಕ್ಕೆ 15 ನಿಮಿಷ ಮೊದಲಿಂದ ಕಾಫಿ, ಹಣ್ಣಿನ ರಸ ಬೇಡ, ಹುಳಿ ಇದ್ದರೆ ಬಾಯಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ.

‘ಒಂದೇ ದಮ್ಮು’ ಅನ್ನುವ ಗೆಳೆಯ ಎಲ್ಲರಿಗೂ ಇರುತ್ತಾನೆ. ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಒಂದೆರಡು ದಮ್ಮಿಗೇ ನಾನು ಹೇಳಿದ ಕುರ್ಚಿಗಳಲ್ಲಿ ಅರ್ಧದಷ್ಟು ತುಂಬಿದ್ದವು. 2006ರಲ್ಲಿ ಪ್ರಕಟವಾದದ್ದು ಅದು. ಹಾಗಾಗಿ ಒಂದೇ ಅನ್ನುವುದು ಸಣ್ಣ ಲೆಕ್ಕ ಅಲ್ಲ. ಆದರೂ ಎಳೆದುಬಿಟ್ಟಿರಾ? ಉಳಿದದ್ದನ್ನು ಅಲ್ಲೇ ಆರಿಸಿ. ಒಂಬತ್ತು ದಿನ ಸೇದಲಿಲ್ಲ, ಹತ್ತನೆಯ ದಿನ ಎರಡು ದಮ್ಮು ಎಳೆದಿರಿ. ಆ ಒಂಬತ್ತು ದಿನ ಎಲ್ಲಿಗೂ ಹೋಗಿಲ್ಲ. ಹಾಳು ಮಾಡುವುದು ‘ಹೇಗೂ ಕೆಟ್ಟಿತು, ಪ್ಯಾಕೆಟ್ ಮುಗಿಸಿಯೇ ಬಿಡೋಣ’ ಅನ್ನುವ ಕೋಪ. ಎರಡನೆಯ ಪ್ರಯತ್ನದಲ್ಲಿ ನನ್ನನ್ನು ಮುಳುಗಿಸಿದ್ದು ಅದೇ.

ಸರಿ. ಈಗ ಹೇಳುತ್ತೇನೆ. ಇನ್ನು ಎರಡು ನಿಮಿಷದಲ್ಲಿ ನನ್ನ ಮಾತು ಮುಗಿಯುತ್ತದೆ. ಆಮೇಲೆ ಹದಿನೈದು ನಿಮಿಷ ವಿರಾಮ, ಹೊರಗಿನ ಬಾಗಿಲು ತೆರೆಯುತ್ತಾರೆ.

ಅಲ್ಲಾಡಬೇಡಿ. ಹಾಗೇ ಕೂತಿರಿ. ಈ ಮಾತು ಕೇಳಿದ ತಕ್ಷಣ ಒಳಗೆ ಏನಾಯಿತು? ಹಿಂದಿನ ಸಾಲಿನಲ್ಲಿ ಇಬ್ಬರು ಕುರ್ಚಿಯ ತುದಿಗೆ ಬಂದರು, ನೋಡಿದೆ. ತಲುಬು ಬಂದಿದೆಯಾ? ಗಂಟಲಲ್ಲಾ, ಎದೆಯಲ್ಲಾ, ಬೆರಳಲ್ಲಾ? ಇಷ್ಟು ಹೊತ್ತು ಎಲ್ಲಿತ್ತು ಅದು? ಕಣ್ಣು ಮುಚ್ಚಿ ಹುಡುಕಿ. ನಾನು ಸುಮ್ಮನಿರುತ್ತೇನೆ.

ಸಂಘಟಕರೇ, ಬಾಗಿಲು ಈಗಲೇ ತೆರೆಯಬೇಡಿ. ಐದು ನಿಮಿಷ ಆಗಲಿ.