ಗೇರುಸೊಪ್ಪೆಯ ಕೆಳಗೆ ಗಾಳ ಹಾಕಿ ಕೂತಾಗ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಸಂಜೆ ದೀಪ ಹಾಕಿದರೆ ನಮ್ಮ ಹೊಳೆಯಲ್ಲಿ ನೀರು ಏರುತ್ತದೆ. ಹೀಗೆ ಹೇಳಿದರೆ ಹೊರಗಿನವರು ನಗುತ್ತಾರೆ. ಶರಾವತಿ ದಂಡೆಯವರು ನಗುವುದಿಲ್ಲ, ಹೌದು ಅಂತ ತಲೆಯಾಡಿಸುತ್ತಾರೆ.

ವಿಷಯ ಸರಳ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಗೆ ಒಂದು ಆಣೆಕಟ್ಟಿದೆ. ಅದರ ಬುಡದಲ್ಲಿ 60 ಮೆಗಾವ್ಯಾಟಿನ ನಾಲ್ಕು ಘಟಕಗಳು, ಒಟ್ಟು 240 ಮೆಗಾವ್ಯಾಟ್. ಮೇಲೆ ಘಟ್ಟದಲ್ಲಿರುವ ಲಿಂಗನಮಕ್ಕಿಯ ನೀರು ತಲಕಳಲೆಗೆ ಬಂದು, ಅಲ್ಲಿಂದ 1035 ಮೆಗಾವ್ಯಾಟಿನ ದೊಡ್ಡ ವಿದ್ಯುದಾಗಾರಕ್ಕೆ ಧುಮುಕಿ, ಚಕ್ರ ತಿರುಗಿಸಿ, ಕೊನೆಗೆ ಇಲ್ಲಿಗೆ ಬರುತ್ತದೆ. ಬಿಟ್ಟರೆ ಸಮುದ್ರ ಪಾಲು ಅಂತ ಆ ನೀರನ್ನೇ ಇಲ್ಲಿ ಮತ್ತೊಮ್ಮೆ ದುಡಿಸುತ್ತಾರೆ. ಕರೆಂಟಿಗೆ ಬೇಡಿಕೆ ಜಾಸ್ತಿಯಾದರೆ ಹೆಚ್ಚು ಚಕ್ರ ತಿರುಗುತ್ತವೆ, ಕೆಳಗೆ ಹೊಳೆ ತುಂಬುತ್ತದೆ. ಬೇಡಿಕೆ ಇಳಿದರೆ ಬಂಡೆಗಳು ಮತ್ತೆ ತಲೆ ಎತ್ತುತ್ತವೆ. ಮೋಡವಿಲ್ಲ, ಮಳೆಯಿಲ್ಲ. ಆದರೂ ನೀರು ಏರುತ್ತದೆ.

ನಾನು ಕಸುಬಿನ ಮೀನುಗಾರನಲ್ಲ. ಸುಮ್ನೆ ಗಾಳ ಹಾಕಿ ಕೂರುವವನು. ಕಲಿಸಿದ್ದು ನನ್ನ ಚಿಕ್ಕಪ್ಪ. ಅವನ ಕಾಲಕ್ಕೆ ಗೇರುಸೊಪ್ಪೆಯ ಈ ಆಣೆಕಟ್ಟು ಇರಲಿಲ್ಲ, ಅದು ಕರೆಂಟು ಕೊಡಲು ಶುರುಮಾಡಿದ್ದು 2001ರ ಆಸುಪಾಸಿನಲ್ಲಿ. ಅವನಿಗೆ ಗೊತ್ತಿದ್ದದ್ದು ಚಂದ್ರನ ಲೆಕ್ಕ. ಅಮಾಸೆ, ಹುಣ್ಣಿಮೆಗೆ ದೊಡ್ಡ ಭರತ, ಅಂದರೆ ಕಡಲಿನ ಉಬ್ಬರ, ಅಷ್ಟಮಿ ಹೊತ್ತಿಗೆ ಸಣ್ಣದು. ಇವತ್ತು ಬಂದ ಹೊತ್ತಿಗಿಂತ ನಾಳೆ ಮುಕ್ಕಾಲು ಗಂಟೆಯಷ್ಟು ತಡ. ಕೈಯಲ್ಲಿ ವಾಚಿಲ್ಲ, ಗೋಡೆಯ ಮೇಲೆ ಕ್ಯಾಲೆಂಡರೂ ಇಲ್ಲ. ಆದರೂ ದಂಡೆಯ ಕೆಸರಿನ ಮೇಲಿನ ಒದ್ದೆ ಗೆರೆ ನೋಡಿ, "ತಮಾ, ಬುಟ್ಟಿ ತಕ್ಕೊ, ಇಳೀತಾ ಇದೆ" ಅನ್ನುತ್ತಿದ್ದ. ನೀರು ಇಳಿಯುವಾಗ ಮೀನು ದಂಡೆಯ ಮೂಲೆಯಿಂದ ಆಳಕ್ಕೆ ಹೊರಡುತ್ತದಲ್ಲ, ಆ ದಾರಿಗೆ ಅಡ್ಡ ಬೀಸುಬಲೆ ಹಾಕಬೇಕು.

ಅವನು ಬಲೆ ಬೀಸುವುದನ್ನು ಈಗಲೂ ಕಣ್ಣೆದುರು ಕಾಣಬಲ್ಲೆ. ಹಗ್ಗದ ಕುಣಿಕೆ ಎಡಗೈ ಮಣಿಕಟ್ಟಿಗೆ. ಬಲೆಯ ಒಂದು ಪಾಲು ಮೊಣಕೈ ಮೇಲೆ, ಒಂದು ಪಾಲು ಬಲಗೈಯಲ್ಲಿ, ಅಂಚಿನ ಒಂದು ಸೀಸದ ಗುಂಡು ಹಲ್ಲಿನಲ್ಲಿ. ಸೊಂಟದವರೆಗೆ ನೀರಲ್ಲಿ ನಿಂತು ಅರ್ಧ ಸುತ್ತು ತಿರುಗಿ ಬಿಟ್ಟರೆ ಬಲೆ ದುಂಡಗೆ ಅರಳಿ ಬೀಳಬೇಕು. ಹಲ್ಲಿನಿಂದ ಗುಂಡು ಬಿಡುವ ಹೊತ್ತು ತಪ್ಪಿದರೆ ಬಲೆ ಮುದ್ದೆಯಾಗಿ ಬೀಳುತ್ತದೆ, ಕೆಲವೊಮ್ಮೆ ಹಲ್ಲೂ ಬೀಳುತ್ತದೆ. ನನಗೆ ಆ ವಿದ್ಯೆ ಹತ್ತಲಿಲ್ಲ. ಹಾಗಾಗಿ ಗಾಳ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ಕಡೆಯ ಅಂಬುತೀರ್ಥದಲ್ಲಿ. ಜೋಗದಲ್ಲಿ 830 ಅಡಿ ಕೆಳಗೆ ಹಾರಿ, ಕಾಡಿನ ಕಣಿವೆ ಹಿಡಿದು ಗೇರುಸೊಪ್ಪೆಗೆ ಬಂದ ಮೇಲೆ ಅದರ ಆರ್ಭಟ ಮುಗಿಯುತ್ತದೆ. ಅಲ್ಲಿಂದ ಹೊನ್ನಾವರದವರೆಗೆ ಅಗಲವಾದ, ಸಾವಕಾಶದ ಹೊಳೆ. ಹಿಂದೆ ಜೋಗ ನೋಡಲು ಬರುತ್ತಿದ್ದ ಬ್ರಿಟಿಷರು ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಬಂದು ಆಮೇಲೆ ಘಟ್ಟ ಹತ್ತುತ್ತಿದ್ದರು. ಅವರ ಬರಹಗಳಲ್ಲಿ ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅಂತಲೇ ಹೆಸರು. ಅದಕ್ಕೂ ಮುಂಚೆ, 16ನೇ ಶತಮಾನದಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಇದೇ ನೀರಿನ ಮೇಲೆ ಕಡಲಿಗೆ ಇಳಿಯಿತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇನ್ನೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಮೀನು ಕಚ್ಚದ ದಿನ ಅಲ್ಲಿಗೆ ಹೋಗಿ ಕೂರುವುದೂ ಉಂಟು.

ಇರಲಿ, ಮೀನಿಗೆ ಬರೋಣ.

ಚಿಕ್ಕಪ್ಪ ಹೇಳುತ್ತಿದ್ದದ್ದು ಉಪ್ಪಿನ ವಿಷಯ. ಮೊದಲೆಲ್ಲ ಮಳೆಗಾಲದಲ್ಲಿ ಹೊಳೆ ಕೆಂಪಗೆ ಉಕ್ಕಿ ಸಮುದ್ರವನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಬೇಸಿಗೆ ಬಂತೆಂದರೆ ಹೊಳೆ ಸೊರಗುತ್ತಿತ್ತು, ಆಗ ಭರತದ ಜೊತೆ ಉಪ್ಪುನೀರು ಬಹಳ ದೂರ ಒಳಕ್ಕೆ ಬರುತ್ತಿತ್ತು. ಉಪ್ಪಿನ ಜೊತೆಗೆ ಕಡಲ ಮೀನುಗಳ ಮರಿಗಳು, ಏಡಿ, ಶೆಟ್ಲಿ ಅಂದರೆ ಸಿಗಡಿ, ಎಲ್ಲ. ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಬಳಚು ಅನ್ನುವ ಚಿಪ್ಪುಮೀನು. ಬುಟ್ಟಿ ಹಿಡಿದು ಇಳಿದ ಹೆಂಗಸರು ಕಾಲಿನಲ್ಲೇ ತಡವಿ ಹುಡುಕುತ್ತಿದ್ದರು. ಮನೆಗೆ ಬಂದರೆ ಬಳಚಿನ ಸುಕ್ಕ, ಚಿಪ್ಪು ಸುಣ್ಣದ ಗೂಡಿಗೆ.

1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆಯಿತು. ಅದರಲ್ಲಿ ಸುಮಾರು 151 ಟಿಎಂಸಿ ನೀರು ನಿಲ್ಲುತ್ತದೆ. ಹಿಂದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಲ ಹರಿದು ಹೋಗುತ್ತಿದ್ದ ನೀರು ಈಗ ವರ್ಷವಿಡೀ ಸ್ವಲ್ಪ ಸ್ವಲ್ಪವೇ ಕೆಳಗೆ ಬರುತ್ತದೆ. ಕರೆಂಟು ಮಾಡಿ ಬಿಟ್ಟ ಸಿಹಿನೀರು ಏಪ್ರಿಲ್ ತಿಂಗಳಲ್ಲೂ ಹೊಳೆ ತುಂಬ ಇರುತ್ತದೆ. ಉಪ್ಪಿಗೆ ಒಳಗೆ ಬರಲು ಜಾಗವೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿಯ ಅಳಿವೆಯನ್ನೂ ಪಕ್ಕದ ಅಘನಾಶಿನಿಯ ಅಳಿವೆಯನ್ನೂ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ದೊಡ್ಡ ಆಣೆಕಟ್ಟಿಲ್ಲ. ಅಲ್ಲಿ ಉಪ್ಪಿದೆ, ಬಳಚಿದೆ, ಮೀನಿನ ಜಾತಿಗಳೂ ಹೆಚ್ಚು, ಉಪ್ಪುನೀರು ಹತ್ತುವ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವೂ ಇದೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಅನ್ನುವ ಮನ್ನಣೆ ಸಿಕ್ಕಿತು. ನಮ್ಮ ಶರಾವತಿಯಲ್ಲಿ ಉಪ್ಪು ಇಳಿದು ಬಳಚು ಕಡಿಮೆಯಾಯಿತು. ಹಳಬರು ಊಟಕ್ಕೆ ಕೂತು ಆಡುತ್ತಿದ್ದ ಮಾತನ್ನೇ ವಿಜ್ಞಾನಿಗಳು ಅಳತೆ ಹಾಕಿ ಹೇಳಿದರು.

ಶೆಟ್ಲಿಯ ಕಥೆ ಇನ್ನೂ ಸ್ವಾರಸ್ಯ. ಹೊಳೆಯ ದೊಡ್ಡ ಶೆಟ್ಲಿ ಬದುಕುವುದು ಸಿಹಿನೀರಿನಲ್ಲಿ, ಮರಿ ಬೆಳೆಯುವುದು ಸಪ್ಪೆ ಉಪ್ಪಿನ ನೀರಿನಲ್ಲಿ. ತಾಯಿ ಹೊಟ್ಟೆಯಡಿ ಮೊಟ್ಟೆ ಹೊತ್ತು ಕೆಳಗೆ ಇಳಿಯುತ್ತದೆ. ಮರಿಗಳು ಸ್ವಲ್ಪ ಬಲಿತ ಮೇಲೆ ಪ್ರವಾಹಕ್ಕೆ ಎದುರಾಗಿ, ಕಲ್ಲಿಗೆ ಕಚ್ಚಿಕೊಂಡು ಮೇಲೆ ಹತ್ತುತ್ತವೆ. ಹಾವುಮೀನಿನದು ಇದಕ್ಕೆ ಉಲ್ಟಾ. ಅದು ಬೆಳೆಯುವುದು ಹಳ್ಳಕೊಳ್ಳದಲ್ಲಿ, ಮೊಟ್ಟೆ ಇಡಲು ಹೋಗುವುದು ಕಡಲಿಗೆ. ಜೋಗದ ಬಂಡೆ ಹತ್ತಿದ ಮೀನು ಹಿಂದೆಯೂ ಇರಲಿಲ್ಲ ಬಿಡಿ. ಆದರೆ ಗೇರುಸೊಪ್ಪೆಗೂ ಜೋಗಕ್ಕೂ ನಡುವೆ ಅಷ್ಟು ದೊಡ್ಡ ಕಣಿವೆಯಿತ್ತು, ಅದಕ್ಕೆ ಸೇರುವ ಹಳ್ಳಗಳಿದ್ದವು. ಈಗ ಕಾಂಕ್ರೀಟಿನ ಗೋಡೆಯ ಬುಡಕ್ಕೆ ಬಂದಲ್ಲಿಗೆ ದಾರಿ ಮುಗಿಯಿತು.

ಹಾಗಂತ ಆಣೆಕಟ್ಟನ್ನು ಬಯ್ಯುತ್ತಾ ಕೂರುವ ಜಾತಿ ನನ್ನದಲ್ಲ. ಬೇಸಿಗೆಯಲ್ಲಿ ಉಪ್ಪು ಹತ್ತುತ್ತಿದ್ದ ದಂಡೆಯ ತೋಟಕ್ಕೆ ಈಗ ಸಿಹಿನೀರು. ಅಡಿಕೆ ಬೆಳೆಗಾರನನ್ನು ಕೇಳಿ, ಅವನ ಮಾತೇ ಬೇರೆ. ಈ ಬಾನುಲಿ ನಿಮಗೆ ಕೇಳಿಸುತ್ತಿರುವುದೂ ಕರೆಂಟಿನಿಂದಲೇ ಅಲ್ವಾ? ನನ್ನ ತಕರಾರು ಬೇರೆ. ಈ ಲೆಕ್ಕದಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡವರ ಹೆಸರಾದರೂ ಬರುತ್ತದೆ. ಅವರಿಗೂ ಪೂರ್ತಿ ನ್ಯಾಯ ಸಿಕ್ಕಿಲ್ಲ, ಅದು ಇನ್ನೊಂದು ದೊಡ್ಡ ಕಥೆ. ಆಣೆಕಟ್ಟಿನ ಕೆಳಗಿನವನದು ಏನೂ ಮುಳುಗಲಿಲ್ಲ. ಬಲೆಗೆ ಬೀಳುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು, ಅಷ್ಟೇ. ಅದನ್ನು ಯಾವ ಅರ್ಜಿಯಲ್ಲಿ ಬರೆಯುವುದು? ಮುಳುಗಡೆಗೆ ಸರ್ವೆ ನಂಬರ್ ಇದೆ. ಉಪ್ಪಿಗೆ ಇಲ್ಲ.

ಈಗ ಇನ್ನೊಂದು ಯೋಜನೆಯ ಮಾತು ನಡೆದಿದೆ, 2000 ಮೆಗಾವ್ಯಾಟಿನದು. ಬೇಡಿಕೆ ಕಡಿಮೆ ಇದ್ದಾಗ ಗೇರುಸೊಪ್ಪೆಯ ನೀರನ್ನು ಪಂಪ್ ಮಾಡಿ ತಲಕಳಲೆಗೆ ಏರಿಸುವುದು, ಬೇಡಿಕೆ ಬಂದಾಗ ಮತ್ತೆ ಕೆಳಗೆ ಬಿಡುವುದು. ಕಾಡು ಹೋಗುತ್ತದೆ, ಸಿಂಗಳೀಕದ ನೆಲೆ ಹೋಗುತ್ತದೆ ಅಂತ ಜನ ವಿರೋಧಿಸುತ್ತಿದ್ದಾರೆ. ಆ ಚರ್ಚೆಯಲ್ಲಿ ಕೆಳಗಿನ ಹೊಳೆಗೆ ಯಾವ ಹೊತ್ತಿಗೆ ಎಷ್ಟು ನೀರು ಬರುತ್ತದೆ ಅನ್ನುವ ಪ್ರಶ್ನೆಯನ್ನೂ ಯಾರಾದರೂ ಜೋರಾಗಿ ಕೇಳಲಿ ಅಂತ ನನ್ನ ಆಸೆ.

ಅಲ್ಲಿಯವರೆಗೆ ನಮ್ಮ ಗಾಳ ನಡೆಯುತ್ತದೆ. ಈಗ ನಾವು ಎರಡು ಲೆಕ್ಕ ಇಟ್ಟುಕೊಂಡಿದ್ದೇವೆ, ಒಂದು ಚಂದ್ರನದು, ಒಂದು ಕರೆಂಟಿನದು. ಭರತವೂ ಚಕ್ರದ ನೀರೂ ಒಟ್ಟಿಗೆ ಬಂದ ಹೊತ್ತಿನಲ್ಲಿ ಗಾಳ ಹಾಕುವುದು ಸುಮ್ನೆ ಎರೆಹುಳ ದಂಡ. ನೀರು ಇಳಿದು ನಿಂತ ಮೇಲೆ, ಬಂಡೆಯ ಹಿಂದಿನ ಮಡುವಿನಲ್ಲಿ ಏನಾದರೂ ಸಿಗುತ್ತದೆ. ಬೆರಳಿಗೆ ಸುತ್ತಿದ ದಾರ ಒಮ್ಮೆ ಮೆಲ್ಲಗೆ ತಟ್ಟುತ್ತದೆ. ಆಗ ಎಳೆಯಬಾರದು. ಎರಡನೇ ಸಲ ಬಿಗಿಯಾಗಿ ಜಗ್ಗಿದಾಗ ಎಳೆಯಬೇಕು. ಸಿಕ್ಕಿದ್ದಕ್ಕೆ ಕಾಯಿ, ಒಣಮೆಣಸು, ಮುರುಗಲ ಹುಳಿ, ಘಮಕ್ಕೆ ನಾಲ್ಕು ಜುಮ್ಮನಕಾಯಿ. ಮೀನು ಚಿಕ್ಕದಾದರೂ ಸಾರು ದೊಡ್ಡದು ಮಾಡಬಹುದು.

ಕೊನೆಗೆ, ಭಾನುವಾರ ಬೈಕು ಹತ್ತಿ ಈ ಕಡೆ ಬರುವ ಹುಡುಗರಿಗೆ ಒಂದು ಮಾತು. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಲಿಂಗನಮಕ್ಕಿಯ ಮಟ್ಟ ನೋಡಿ. ತುಂಬಿದ ಮಟ್ಟ 1819 ಅಡಿ. ಅದರ ಹತ್ತಿರ ಬಂತೆಂದರೆ ಗೇಟು ಯಾವಾಗ ಬೇಕಾದರೂ ತೆಗೆಯಬಹುದು, ದಂಡೆಯ ಊರುಗಳಿಗೆ ಎಚ್ಚರಿಕೆ ಬರುತ್ತದೆ. ಆ ದಿನಗಳಲ್ಲಿ ಹೊಳೆಗೆ ಇಳಿಯಲೇ ಬೇಡಿ. ಉಳಿದ ದಿನ ಬಂದರೂ ಹೊಳೆ ನಡುವಿನ ಬಂಡೆ ಮೇಲೆ ಕೂರಬೇಡಿ, ಅದು ಒಣಗಿ ಕಂಡರೂ ಸರಿ. ಸೈರನ್ ಕೇಳಿದರೆ ಗಾಳ, ಚಪ್ಪಲಿ, ಮೊಬೈಲು ಎಲ್ಲ ಅಲ್ಲೇ ಬಿಟ್ಟು ಮೊದಲು ದಂಡೆ ಹತ್ತಿ. ಊರವರು ಕೂಗಿದರೆ ಬೈಯುತ್ತಿದ್ದಾರೆ ಅಂದುಕೊಳ್ಳಬೇಡಿ, ಅವರಿಗೆ ನೀರಿನ ಹೊತ್ತು ಗೊತ್ತಿರುತ್ತದೆ.

ನಮಸ್ಕಾರ.